ಹನ್ನೊಂದನೆಯ ದೋಷ

ನನ್ನ ಅಣ್ಣ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಊರಿನವರ ದೂರುಗಳನ್ನೆಲ್ಲ ಓದಿದ. ನಿವೃತ್ತಿಯಾದ ಮಾರನೆಯ ದಿನದಿಂದ ತಾನೇ ಬರೆಯಲು ಶುರುಮಾಡಿದ. ಯಾವ ದೂರಿಗೆ ಅಧಿಕಾರಿ ಮಿಸುಕುತ್ತಾನೆ, ಯಾವುದು ಕಸದ ಬುಟ್ಟಿಗೆ ಹೋಗುತ್ತದೆ ಎಂಬುದು ಅವನಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಬೀದಿದೀಪ, ಬಸ್ಸಿನ ಸೀಟು, ಎದುರುಮನೆಯ ನಾಯಿ, ಬ್ಯಾಂಕಿನವರು ಪೆನ್ನಿಗೆ ಕಟ್ಟಿದ ದಾರ ಗಿಡ್ಡವಾಗಿರುವುದು, ಎಲ್ಲದರ ಮೇಲೂ ಅವನದೊಂದು ಅರ್ಜಿ ಇದೆ. ಅವನ ಬೀದಿಯವರು ಅವನನ್ನು ಅರ್ಜಿಯಣ್ಣ ಅನ್ನುತ್ತಾರೆ. ಅದು ಹೊಗಳಿಕೆ ಅಂತ ಅವನು ತಿಳಿದಿದ್ದಾನೆ. ತಿಳಿದುಕೊಳ್ಳಲಿ ಬಿಡಿ.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಆಸ್ತಿಯ ಕಾಗದಪತ್ರವೆಲ್ಲ ಇವನ ಕೈಗೆ ಹೋಯಿತು. ಆಸ್ತಿ ಅಂದರೆ ಒಂದೇ ಒಂದು ಮನೆ. ಮೂಲೆ ಜಾಗದ ಎರಡಂತಸ್ತಿನ ಮನೆ, ಅಣ್ಣನಿಗೆ ಅರ್ಧ, ನನಗೆ ಅರ್ಧ. ಕಚೇರಿಯಲ್ಲಿ ಒಂದು ಫಾರ್ಮು ತುಂಬಬೇಕಿತ್ತು: ಅಪ್ಪ ತೀರಿಕೊಂಡ ದಿನ ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು? ಬರೆದ ಮೊತ್ತಕ್ಕೆ ನೂರಕ್ಕೊಂದರಂತೆ ಶುಲ್ಕ. ಆಗ ಅದಕ್ಕೆ ಅರವತ್ತೈದು ಲಕ್ಷ ಸಿಗುತ್ತಿತ್ತು ಅಂತ ದಾರಿಯಲ್ಲಿ ಹೋಗುವವರಿಗೂ ಗೊತ್ತಿತ್ತು. ಅಣ್ಣ ನಲವತ್ತು ಅಂತ ಬರೆದ. ಯಾಕೆ ನಲವತ್ತು ಅಂತ ಯಾರೂ ಕೇಳಬಾರದೆಂದು ಮನೆಯ ಹನ್ನೊಂದು ದೋಷಗಳನ್ನು ವಿವರಿಸಿ ನಾಲ್ಕು ಪುಟದ ಪತ್ರ ಲಗತ್ತಿಸಿದ. ಅಧಿಕಾರಿ ಮನೆ ನೋಡಲು ಬರಲೇ ಇಲ್ಲ. ಆ ಪತ್ರ ಓದಿದ ಮೇಲೆ ಅಂಥ ಮನೆಯೊಳಗೆ ಕಾಲಿಡುವ ಧೈರ್ಯ ಯಾರಿಗೆ ಬರುತ್ತದೆ? ಹೀಗೆ ಅಣ್ಣ ಇಪ್ಪತ್ತೈದು ಸಾವಿರ ಉಳಿಸಿದ. ಆಮೇಲೆ ಮೂರು ವರ್ಷ, ಯಾರ ಮನೆಗೆ ಊಟಕ್ಕೆ ಹೋದರೂ ಆ ಇಪ್ಪತ್ತೈದು ಸಾವಿರವನ್ನು ಜೊತೆಗೆ ಕರೆದುಕೊಂಡೇ ಹೋದ.

ಪತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಹಡಿ ಮೆಟ್ಟಿಲಿನ ಏಳನೇ ಹಲಗೆ ಲಡ್ಡು ಹಿಡಿದು, 'ಹತ್ತುವವರ ಆಯುಷ್ಯವನ್ನು ಅವಲಂಬಿಸಿದೆ' ಎಂದು ಶುರುವಾಗುತ್ತಿತ್ತು. ಹಿತ್ತಲಿನ ಗೋಡೆ ನೆರೆಮನೆಯ ಕಡೆಗೆ ವಾಲಿದೆ. ಅಡುಗೆಮನೆಯ ನೆಲ ಕುಸಿದಿದೆ. ನಲ್ಲಿಯಲ್ಲಿ ತುಕ್ಕಿನ ನೀರು ಬರುತ್ತದೆ. ಎಲ್ಲಾ ಕಿಟಕಿಗಳೂ ಮುಚ್ಚುವುದಿಲ್ಲ. ಮುಚ್ಚಿದವು ತೆರೆಯುವುದಿಲ್ಲ. ತಾರಸಿ ಸೋರುತ್ತದೆ, ವೈರು ಬೆತ್ತಲಾಗಿದೆ, ಬಚ್ಚಲಿನಲ್ಲಿ ಒಂದು ದುರ್ವಾಸನೆಯಿದ್ದು 'ಮೂಲ ಇದುವರೆಗೆ ಪತ್ತೆಯಾಗಿಲ್ಲ', ಬಾಗಿಲ ಚೌಕಟ್ಟುಗಳಿಗೆ ಗೆದ್ದಲು. ಇದಿಷ್ಟು ಹತ್ತು.

ಹನ್ನೊಂದನೆಯ ದೋಷ ನಾನು. 'ಸದರಿ ಮನೆಯಲ್ಲಿ ಮೃತರ ಅವಿವಾಹಿತ ಮಗಳು, ವಯಸ್ಸು ಐವತ್ತೆರಡು, ವಾಸವಾಗಿದ್ದು, ಆಕೆಯನ್ನು ತೆರವುಗೊಳಿಸುವುದು ದುಸ್ತರವಾದ್ದರಿಂದ ಯಾವ ಖರೀದಿದಾರನೂ ಮುಂದೆ ಬರುವ ಸಂಭವವಿಲ್ಲ.' ಇದು ನನಗೆ ಹೇಗೆ ಗೊತ್ತು ಅಂದರೆ, ಅಣ್ಣ ಯಾವ ಪತ್ರ ಬರೆದರೂ ಸಂಬಂಧಪಟ್ಟವರಿಗೆಲ್ಲ ಪ್ರತಿ ಕಳಿಸುವ ಪದ್ಧತಿ. ಕೊನೆಯ ಪುಟದ ಕೆಳಗೆ ಇತ್ತು: 'ಪ್ರತಿ: ಮನೆಯಲ್ಲಿ ವಾಸವಿರುವವರಿಗೆ, ಮಾಹಿತಿಗಾಗಿ.' ಅಂಚೆಯಲ್ಲಿ ಬಂತು, ಸ್ಟಾಂಪು ಹಚ್ಚಿ, ಕಚೇರಿಯ ಸ್ವೀಕೃತಿ ಸೀಲಿನ ಸಮೇತ. ಅಪ್ಪನಿಗೆ ಏಳು ವರ್ಷ ಸ್ನಾನ ಮಾಡಿಸಿ ಊಟ ಮಾಡಿಸಿದವಳು ನಾನು. ಆ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನೀವು ನನ್ನನ್ನು ಪೆದ್ದಿ ಅಂದುಕೊಳ್ಳುತ್ತೀರಿ. ನಾನು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರ ಕಡೆಯಿಂದ ಬಾಯಿಯ ಅಚ್ಚು ಬರುತ್ತದೆ, ಜೊತೆಗೊಂದು ಚೀಟಿ: ಎಡಗಡೆ ಅರ್ಧ ಮಿಲಿಮೀಟರ್ ಇಳಿಸಿ, ಮುಂದಿನ ಎರಡು ಹಲ್ಲಿನ ನಡುವೆ ಸ್ವಲ್ಪ ಸಂದು ಬಿಡಿ. ಆ ಬಾಯಿ ಯಾರದೋ, ನಾನು ಜನ್ಮದಲ್ಲಿ ನೋಡುವುದಿಲ್ಲ. ಚೀಟಿ ಹೇಳಿದ್ದನ್ನು ಮಾಡುತ್ತೇನೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಸೆಟ್ಟೂ ವಾಪಸ್ ಬಂದಿಲ್ಲ. ಅಂಥವಳ ಕೈಗೆ ನಂಬರು ಹಾಕಿದ, ಸಹಿ ಇರುವ ದೋಷಗಳ ಪಟ್ಟಿ ಕೊಟ್ಟರೆ ಏನಾಗುತ್ತದೆ ಅಂತ ಅಣ್ಣನೇ ಯೋಚಿಸಬೇಕಿತ್ತು.

ಅಲ್ಲದೆ, ಗೋಡೆ ವಾಲಿದೆ ಅಂತ ಓದಿದ ಮೇಲೆ ಅದು ವಾಲಿದಂತೆಯೇ ಕಾಣಿಸತೊಡಗಿತು. ಒಂದು ತಿಂಗಳು ಏಳನೇ ಮೆಟ್ಟಿಲನ್ನು ದಾಟಿಕೊಂಡೇ ಹತ್ತಿದೆ. ದಿನಾ ನೋಡುವುದರಿಂದ ನನಗೆ ಗೊತ್ತಾಗಿಲ್ಲ, ಆಗೊಮ್ಮೆ ಈಗೊಮ್ಮೆ ಬರುವ ಅಣ್ಣನ ಕಣ್ಣಿಗೆ ಬಿದ್ದಿದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ ಅವಮಾನ. ನಾನಿರುವ ಮನೆ ಹೀಗೆ ಹಾಳು ಬಿದ್ದಿದೆ ಅಂತ ಸರ್ಕಾರಿ ಕಡತದಲ್ಲಿ ಇರುವುದನ್ನು ನನಗೆ ಸಹಿಸಲಾಗಲಿಲ್ಲ. ಒಂದನೆಯ ನಂಬರಿನಿಂದ ಹಿಡಿದೆ. ಹಲಗೆ ಬದಲಾಯಿಸಿದೆ. ಗೋಡೆ ಬಿಚ್ಚಿಸಿ ಕಟ್ಟಿಸಿದೆ. ಅಡುಗೆಮನೆಗೆ ಹೊಸ ನೆಲ, ಹೊಸ ಪೈಪು, ಹದಿನಾಲ್ಕು ಹೊಸ ಕಿಟಕಿ. ಬಚ್ಚಲಿನ ವಾಸನೆ ಹುಡುಕಲು ಎರಡು ಸಲ ನೆಲ ಅಗೆಸಿದೆ. ಎರಡನೇ ಸಲ ನಿಜವಾಗಿಯೂ ವಾಸನೆ ಬಂತು, ಅಗೆದದ್ದಕ್ಕೆ. ಮೂರು ವರ್ಷದಲ್ಲಿ ಒಂಬತ್ತು ಲಕ್ಷ ಹೋಯಿತು. ನನ್ನ ಹಲ್ಲಿನ ದುಡ್ಡು, ಪೈಸೆ ಪೈಸೆ ಕೂಡಿಟ್ಟದ್ದು. ಹತ್ತು ದೋಷ ಸರಿಯಾದವು. ಹನ್ನೊಂದನೆಯದಕ್ಕೆ ಮೇಸ್ತ್ರಿ ಸಿಗಲಿಲ್ಲ.

ಆಗ ಪಕ್ಕದ ಕಣ್ಣಾಸ್ಪತ್ರೆಯವರು ತಮ್ಮ ಕಟ್ಟಡ ದೊಡ್ಡದು ಮಾಡುತ್ತೇವೆ, ನಿಮ್ಮ ಮನೆ ಕೊಡಿ, ತೊಂಬತ್ತು ಲಕ್ಷ ಕೊಡುತ್ತೇವೆ ಅಂದರು. ಅಣ್ಣ ಕೇಳುವ ಮೊದಲೇ ನಾನು ಹೂಂ ಅಂದೆ. ಎಲ್ಲರಿಗೂ ಆಶ್ಚರ್ಯ. ಮೆಟ್ಟಿಲು ಹತ್ತೋಕೆ ಮಂಡಿ ನೋವು ಅಂತ ಹೇಳಿದೆ. ನನ್ನ ಮಂಡಿ ಚೆನ್ನಾಗಿಯೇ ಇದೆ. ತೆರವುಗೊಳಿಸುವುದು ದುಸ್ತರ ಅಂತ ಬರೆದಿದ್ದನಲ್ಲ, ಎಷ್ಟು ಸುಲಭ ಅಂತ ತೋರಿಸಬೇಕಿತ್ತು. ನನ್ನ ಲ್ಯಾಬಿನಿಂದ ಐದು ನಿಮಿಷದ ದಾರಿಯಲ್ಲಿ, ನೆಲಮಹಡಿಯಲ್ಲಿ, ಎರಡು ರೂಮಿನ ಒಂದು ಮನೆ ನೋಡಿಟ್ಟಿದ್ದೆ. ಬೆಳಗಿನ ಬಿಸಿಲು ನೇರ ಮೇಜಿನ ಮೇಲೆ ಬೀಳುವ ಮನೆ. ನಲವತ್ತಾರು ಲಕ್ಷ, ಒಂದು ಪೈಸೆ ಕಮ್ಮಿ ಇಲ್ಲ ಅಂದಿದ್ದರು. ತಿಂಗಳ ಕೊನೆಯೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಹೋಗುತ್ತಿತ್ತು. ಆ ಬಿಸಿಲು ನನಗೆ ಬೇಕಿತ್ತು.

ತೆರಿಗೆ ಲೆಕ್ಕ ನೋಡುವವರ ಬಳಿ ಹೋದಾಗ ಅಣ್ಣನ ಮುಖ ಹುಳ್ಳಗಾಯಿತು. ಅವರು ಹೇಳಿದ್ದು ಇಷ್ಟೇ: ಅಪ್ಪ ತೀರಿಕೊಂಡ ದಿನದ ಬೆಲೆಗೂ ಈಗ ಮಾರುವ ಬೆಲೆಗೂ ನಡುವಿನ ವ್ಯತ್ಯಾಸವೇ ಲಾಭ, ಆ ಲಾಭದಲ್ಲಿ ಐದರಲ್ಲೊಂದು ಪಾಲು ತೆರಿಗೆ. ಅಂದಿನ ಬೆಲೆ ಅರವತ್ತೈದಾಗಿದ್ದರೆ ಐದು ಲಕ್ಷ ಕಟ್ಟಿದರೆ ಸಾಕಿತ್ತು. ಕಡತದಲ್ಲಿ ನಲವತ್ತು ಅಂತಿದೆ, ಹಾಗಾಗಿ ಹತ್ತು ಲಕ್ಷ.

"ಇಪ್ಪತ್ತೈದು ಸಾವಿರ ಉಳ್ಸಿ ಐದು ಲಕ್ಷ ಕಳ್ದ ಹಾಗಾಯ್ತು," ಅಂದರು ಅತ್ತಿಗೆ. ಅತ್ತಿಗೆ ಮಾತಾಡುವುದು ಕಮ್ಮಿ. ಆಡಿದರೆ ಹೀಗೆಯೇ.

ಇದಕ್ಕೊಂದು ದಾರಿ ಇತ್ತು. ಪರವಾನಗಿ ಇರುವ ಮೌಲ್ಯಮಾಪಕರು ಬಂದು, ಮನೆ ನೋಡಿ, ಆ ದಿನದ ನಿಜವಾದ ಬೆಲೆ ಇಷ್ಟಿತ್ತು ಅಂತ ವರದಿ ಕೊಟ್ಟರೆ ಕಡತವನ್ನು ತಿದ್ದಬಹುದು. ಅಂದು ಉಳಿಸಿದ ಶುಲ್ಕವನ್ನು ಅಣ್ಣ ದಂಡದ ಸಮೇತ ಕಟ್ಟಬೇಕು, ಅಷ್ಟೇ.

ಮೌಲ್ಯಮಾಪಕಿ ಒಂದು ಮಂಗಳವಾರ ಬೆಳಗ್ಗೆ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಕೆಂಪು ಬೆಳಕು ಬಿಡುವ ಅಳತೆಯ ಯಂತ್ರ, ಹೆಗಲಿಗೆ ಚೀಲ, ಚೀಲದಲ್ಲಿ ಅಣ್ಣನ ಪತ್ರ. ಅಣ್ಣ ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನೋಡಿ ಮೇಡಂ, ಎಂಥ ಮನೆ. ಗಟ್ಟಿಮುಟ್ಟು. ಎಲ್ಲಾ ಹೊಸದರ ಹಾಗಿದೆ."

"ನಾನು ನೋಡ್ಬೇಕಿರೋದು ಈ ಮನೆ ಅಲ್ಲ ಸಾರ್," ಅಂದಳು ಅವಳು. "ಮೂರು ವರ್ಷದ ಹಿಂದಿನ ಮನೆ."

ಅಣ್ಣ ಒಂದು ಗಳಿಗೆ ಹಿಂದೆ ತಿರುಗಿ ನೋಡಿದ, ಆ ಮನೆ ಬೆನ್ನ ಹಿಂದೆ ಎಲ್ಲೋ ಇರಬಹುದೆಂಬಂತೆ. ಅವಳು ಪತ್ರ ಬಿಚ್ಚಿದಳು. ಕೆಂಪು ಶಾಯಿಯಲ್ಲಿ ಅಲ್ಲಲ್ಲಿ ಗೆರೆ ಎಳೆದಿದ್ದಳು.

"ಇದನ್ನ ಬರೆದೋರು ಯಾರು?"

"ನಾನೇ."

"ತುಂಬಾ ಚೆನ್ನಾಗಿ ಬರೆದಿದೀರಿ."

ಅಂಥ ಹೊತ್ತಿನಲ್ಲೂ ಅಣ್ಣನ ಎದೆ ಒಂದು ಇಂಚು ಉಬ್ಬಿತು. ನಾನು ಕಣ್ಣಾರೆ ಕಂಡೆ.

"ಆದ್ರೆ ಅದೆಲ್ಲ ಹಾಗೆ ಸುಮ್ನೆ ಬರೆದಿದ್ದು ಮೇಡಂ," ಅಂದ. "ಆಫೀಸಿಗೆ ಬರೆಯೋವಾಗ ಸ್ವಲ್ಪ ಉಪ್ಪು ಖಾರ ಹಾಕ್ಬೇಕಾಗುತ್ತೆ. ಮನೆ ಆಗ್ಲೂ ಹೀಗೇ ಇತ್ತು."

"ಐದನೇದರಲ್ಲಿ ಎಲ್ಲಾ ಕಿಟಕಿಗಳೂ ಮುಚ್ಚಲ್ಲ ಅಂತಿದೀರಿ. ಆರರಲ್ಲಿ, ಮುಚ್ಚಿದ್ದು ತೆರೆಯಲ್ಲ ಅಂತಿದೀರಿ."

"ಅದು ಬೇರೆ ಬೇರೆ ಕಿಟಕಿ."

"ಎಲ್ಲಾ ಕಿಟಕಿಗಳೂ ಅಂತಿದೆಯಲ್ಲ ಸಾರ್."

"ಬರವಣಿಗೆಯ ಓಟದಲ್ಲಿ ಬಂದಿದೆ," ಅಂದ ಅಣ್ಣ. ಆಮೇಲೆ ಮಾತಿನಿಂದ ಆಗುವುದಿಲ್ಲ ಅನ್ನಿಸಿತೋ ಏನೋ, ಸೀದಾ ಮೆಟ್ಟಿಲಿಗೆ ಹೋಗಿ ಏಳನೇ ಹಲಗೆಯ ಮೇಲೆ ನಿಂತು ಎರಡೂ ಕಾಲಲ್ಲಿ ಜಿಗಿಯತೊಡಗಿದ. ಅರವತ್ತಮೂರು ವರ್ಷದ ಮನುಷ್ಯ. "ನೋಡಿ. ನೋಡಿ ಮೇಡಂ. ಅಲುಗಾಡುತ್ತಾ?"

"ರೀ, ಸೊಂಟ," ಅಂದರು ಅತ್ತಿಗೆ, ಕೂತಲ್ಲಿಂದಲೇ.

ಮೌಲ್ಯಮಾಪಕಿ ಬಗ್ಗಿ ಹಲಗೆಯನ್ನು ಬೆರಳಿಂದ ತಟ್ಟಿದಳು. ಪಕ್ಕದ ಹಲಗೆಯನ್ನೂ ತಟ್ಟಿದಳು. "ಇದೊಂದು ಮಾತ್ರ ಹೊಸ ಮರ ಸಾರ್. ಬೇರೆಲ್ಲ ನಲವತ್ತು ವರ್ಷದ್ದು. ಯಾಕೆ ಬದಲಾಯ್ಸಿದ್ರಿ?"

ಅಣ್ಣ ಜಿಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಮೂರು ವರ್ಷದಲ್ಲಿ ಅವನು ಎಷ್ಟೋ ಸಲ ಬಂದಿದ್ದ, ಹೊಸ ನೆಲದ ಮೇಲೆ ನಡೆದಿದ್ದ, ಹೊಸ ಕಿಟಕಿಯಿಂದ ಹೊರಗೆ ಉಗುಳಿದ್ದ. ದುಡ್ಡು ಹೆಚ್ಚಾಗಿದೆ ಇವಳಿಗೆ, ಏನೋ ಮಾಡಿಸುತ್ತಾಳೆ ಅಂದುಕೊಂಡಿದ್ದನೇ ಹೊರತು ತನ್ನ ಪತ್ರದ ನೆನಪು ಅವನಿಗಿರಲಿಲ್ಲ. ಆ ಮೂರು ವರ್ಷದಲ್ಲಿ ಅವನು ಇನ್ನೂ ನಾನೂರು ಪತ್ರ ಬರೆದಿದ್ದ.

ನಾನು ಕಪಾಟಿನಿಂದ ಫೈಲು ತಂದು ಮೇಜಿನ ಮೇಲಿಟ್ಟೆ. ಹತ್ತು ವಿಭಾಗ, ಹತ್ತು ನಂಬರು, ಪ್ರತಿ ನಂಬರಿಗೂ ಬಿಲ್ಲು. ಮೌಲ್ಯಮಾಪಕಿ ಪತ್ರವನ್ನೂ ಫೈಲನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು.

"ಹನ್ನೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಅಂದಳು. "ಸುಳ್ಳಿಗೆ ಬಿಲ್ ಮಾಡ್ಸಿದೋರನ್ನ ನೋಡಿದೀನಿ. ಸುಳ್ಳನ್ನ ರಿಪೇರಿ ಮಾಡ್ಸಿದೋರನ್ನ ಇದೇ ಮೊದ್ಲು ನೋಡಿದ್ದು."

"ನಂಗೆ ಸುಳ್ಳು ಅಂತ ಗೊತ್ತಿರ್ಲಿಲ್ಲ," ಅಂದೆ.

"ನೀನು ಮನೇಲೇ ಇದ್ದೋಳು," ಅಂದ ಅಣ್ಣ. "ಗೋಡೆ ವಾಲಿದೆಯೋ ಇಲ್ವೋ ಕಣ್ಣಿಗೆ ಕಾಣಲ್ವಾ?"

"ನೀನು ಬರೆದಿದ್ದೆ ಅಣ್ಣ. ಸಹಿ ಹಾಕಿದ್ದೆ."

ಗೋಡೆಯ ವಿಷಯವನ್ನು ಖಚಿತ ಮಾಡಿಕೊಳ್ಳಲು ಅವಳು ಮೇಸ್ತ್ರಿಯನ್ನು ಕರೆಸಿ ಅಂದಳು. ಎರಡು ಬೀದಿ ಆಚೆ ಕೆಲಸದಲ್ಲಿದ್ದ ಮೇಸ್ತ್ರಿ ಕೈಗೆ ಸಿಮೆಂಟು ಮೆತ್ತಿಕೊಂಡೇ ಬಂದು ಬಾಗಿಲ ಹೊರಗೆ ನಿಂತ.

"ಹಿತ್ತಲ ಗೋಡೆ ನೀವೇ ಕಟ್ಟಿದ್ದಾ?"

"ಹೌದು."

"ಬಿಚ್ಚೋ ಮೊದ್ಲು ಅದು ವಾಲಿತ್ತಾ?"

ಮೇಸ್ತ್ರಿ ನನ್ನ ಮುಖ ನೋಡಿದ, ಅಣ್ಣನ ಮುಖ ನೋಡಿದ. "ಈ ಅಮ್ಮ ವಾಲಿದೆ ಅಂದ್ರು. ನಾನು ನೆಟ್ಟಗೆ ಮಾಡಿದೆ."

"ನೀವು ತೂಗುಗುಂಡು ಬಿಟ್ಟು ನೋಡಿದ್ರಾ?"

"ಕಟ್ಟಿದ್ಮೇಲೆ ಬಿಟ್ಟು ನೋಡಿದೆ. ಒಂಚೂರೂ ವಾಲಿರ್ಲಿಲ್ಲ."

"ಅದಲ್ಲ. ಬಿಚ್ಚೋ ಮೊದ್ಲು."

"ಮೊದ್ಲೂ ವಾಲಿರ್ಲಿಲ್ಲ ಮೇಡಂ," ಅಂದ ಮೇಸ್ತ್ರಿ, ನೆಲ ನೋಡುತ್ತ. "ಹೇಳೋಣ ಅಂತಾನೇ ಇದ್ದೆ. ಅಮ್ಮ ಕಾಗದ ತೋರ್ಸಿದ್ರು. ಅದ್ರಲ್ಲಿ ಸೀಲು ಇತ್ತು. ಸೀಲು ಇರೋದಕ್ಕೆ ನಾನ್ಯಾಕೆ ಎದುರು ಹೇಳ್ಲಿ?"

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿ ಇರಲಿಲ್ಲ. ನಾನೂ ಅದನ್ನೇ ಮಾಡಿದ್ದೆ, ಅವನು ಕೂಲಿ ತಗೊಂಡು ಮಾಡಿದ, ನಾನು ಕೂಲಿ ಕೊಟ್ಟು ಮಾಡಿದೆ. ಮೇಸ್ತ್ರಿ ಹೋದ ಮೇಲೆ ಮೌಲ್ಯಮಾಪಕಿ ಪೆನ್ನು ಕೆಳಗಿಟ್ಟಳು.

"ಅದೇ ತಿಂಗಳು ಹಿಂದಿನ ಬೀದಿಯಲ್ಲಿ ಇಂಥದೇ ಮನೆ ಅರವತ್ತಾರಕ್ಕೆ ಹೋಗಿದೆ. ಇದಕ್ಕೆ ಅರವತ್ತೈದು ಅಂತ ನಾನು ಬರೀಬಲ್ಲೆ. ಆದ್ರೆ ಮನೆ ತುಂಬ ಹೊಸ ರಿಪೇರಿ ಇದೆ, ಬಿಲ್ ಇದೆ, ಮೇಲಿಂದ ನಿಮ್ಮ ಪತ್ರ ಇದೆ. ನಾಳೆ ತೆರಿಗೆಯವರು ಬಂದ್ರೆ, ದೋಷ ಇದ್ದಿದ್ದಕ್ಕೇ ರಿಪೇರಿ ಮಾಡ್ಸಿದಾರೆ ಅಂತಾರೆ. ದೋಷ ಇರ್ಲಿಲ್ಲ, ಆದ್ರೂ ರಿಪೇರಿ ಯಾಕಾಯ್ತು ಅಂತ ನೀವಿಬ್ರೂ ಸಹಿ ಹಾಕಿ ಒಂದು ಹೇಳಿಕೆ ಕೊಡ್ಬೇಕು. ಅದಿಲ್ಲದೆ ನಾನು ನಲವತ್ತರ ಮೇಲೆ ಹೋಗೋಕಾಗಲ್ಲ."

"ಅಷ್ಟೇ ತಾನೇ," ಅಂದ ಅಣ್ಣ. ಬರೆಯುವುದೆಂದರೆ ಅವನಿಗೆ ನೀರು ಕುಡಿದ ಹಾಗೆ. ಕಾಗದ ಕೇಳಿದ, ಊಟದ ಮೇಜಿಗೆ ಕೂತ, ಐದು ನಿಮಿಷದಲ್ಲಿ ಬರೆದು ನನ್ನ ಮುಂದೆ ತಳ್ಳಿದ. 'ಸದರಿ ದುರಸ್ತಿಗಳನ್ನು ನನ್ನ ತಂಗಿಯು ಅನಗತ್ಯವಾಗಿ, ಯಾರನ್ನೂ ವಿಚಾರಿಸದೆ, ಅತ್ಯುತ್ಸಾಹದಿಂದ ಕೈಗೊಂಡಿರುತ್ತಾಳೆ.'

ನಾನು ಓದಿ ವಾಪಸ್ ತಳ್ಳಿದೆ. "ಸಹಿ ಹಾಕಲ್ಲ."

"ಯಾಕೆ?"

"ಇದಕ್ಕೆ ಸಹಿ ಹಾಕಿದ್ರೆ ನನ್ನ ಒಂಬತ್ತು ಲಕ್ಷ ನಾನೇ ಚರಂಡಿಗೆ ಹಾಕಿದೀನಿ ಅಂತಾಗುತ್ತೆ. ತೆರಿಗೆ ಕಳೆದು ಅರ್ಧ ಪಾಲು ತಗೊಂಡ್ರೆ ನನಗೆ ನಲವತ್ತೆರಡೂವರೆ. ನಾನು ನೋಡಿಟ್ಟ ಎರಡು ರೂಮಿನ ಮನೆಗೆ ನಲವತ್ತಾರು. ಮೊದ್ಲು ನನ್ನ ಒಂಬತ್ತು ತೆಗೆದಿಟ್ಟು ಆಮೇಲೆ ಪಾಲು ಮಾಡಿದ್ರೆ ನಲವತ್ತೇಳು ಬರುತ್ತೆ. ಯಾಕೆ ಖರ್ಚಾಯ್ತು ಅಂತ ಸರಿಯಾಗಿ ಬರಿ, ದುಡ್ಡು ವಾಪಸ್ ಕೊಡ್ಬೇಕು ಅಂತಾನೂ ಬರಿ. ಆಗ ಹಾಕ್ತೀನಿ."

"ಅಂದ್ರೆ ನಾನು ಸುಳ್ಳು ಬರೆದೆ ಅಂತ ನಾನೇ ಬರೀಬೇಕಾ?"

"ನೀನು ಬರೆಯೋದಿಲ್ಲ ಅಂದ್ರೆ ಬೇಡ. ಹತ್ತು ಲಕ್ಷ ಕಟ್ಟೋಣ. ನನಗೇನೂ ಅವಸರ ಇಲ್ಲ."

ಇದು ನನ್ನ ಸುಳ್ಳು. ತಿಂಗಳ ಕೊನೆಗೆ ಆರು ದಿನ ಬಾಕಿ ಇತ್ತು.

ಅಣ್ಣ ಮತ್ತೆ ಬರೆದ. ಈ ಸಲ 'ಸಂವಹನದ ಕೊರತೆಯಿಂದ ಉಂಟಾದ ತಪ್ಪು ತಿಳಿವಳಿಕೆ' ಎಂದಿತ್ತು. ಅತ್ತಿಗೆ ಅದನ್ನು ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೂರನೆಯದರಲ್ಲಿ ಕೆಲವು ದೋಷಗಳು 'ಭಾಗಶಃ' ಇರಲಿಲ್ಲ ಎಂದಿತ್ತು. ಭಾಗಶಃ ಇಲ್ಲದ ಗೆದ್ದಲು ಹೇಗಿರುತ್ತದೆ ಅಂತ ಮೌಲ್ಯಮಾಪಕಿ ಕೇಳಿದಳು. ಅಣ್ಣ ಕತ್ತು ಒರೆಸಿಕೊಂಡ.

"ಮೂವತ್ತೈದು ವರ್ಷದಿಂದ ಕಾಗದದ ಜೊತೆ ಬದುಕಿದೀನಿ," ಅಂದ ಅವನು, ಯಾರಿಗೋ ಅನ್ನುವ ಹಾಗೆ. "ಒಂದನ್ನೂ ವಾಪಸ್ ತಗೊಂಡಿಲ್ಲ."

"ಅದಕ್ಕೇ ಇಷ್ಟು ದೂರ ಬಂದಿದೀವಿ," ಅಂದರು ಅತ್ತಿಗೆ. "ಬರೀರಿ. ಇಲ್ಲಾಂದ್ರೆ ನಿಮ್ಮ ಪಾಲಿನಿಂದಾನೇ ಆ ಐದು ಲಕ್ಷ ಹೋಗೋದು. ಸುಳ್ಳು ನಿಮ್ದೇ ಅನ್ನೋದಕ್ಕೆ ನಾನೂ ಸಾಕ್ಷಿ ಇದೀನಿ."

ಅವನು ನಾಲ್ಕನೇ ಹಾಳೆ ತೆಗೆದುಕೊಂಡ. ಹಳೆಯ ಪತ್ರವನ್ನು ಎದುರಿಗಿಟ್ಟುಕೊಂಡು ಒಂದೊಂದೇ ನಂಬರು ಹಾಕಿ ಬರೆಯತೊಡಗಿದ. ಒಂದು, ಹಲಗೆ ಗಟ್ಟಿಯಾಗಿತ್ತು. ಎರಡು, ಗೋಡೆ ನೆಟ್ಟಗಿತ್ತು. ಬರೆಯುತ್ತ ಬರೆಯುತ್ತ ಅವನಿಗೆ ಹುಮ್ಮಸ್ಸು ಬಂದಿತು. ಅವನು ಹಾಗೆಯೇ, ಪೆನ್ನು ಓಡತೊಡಗಿದರೆ ಯಾರ ವಿರುದ್ಧ ಬರೆಯುತ್ತಿದ್ದೇನೆ ಎಂಬುದು ಮರೆತುಹೋಗುತ್ತದೆ. 'ಕೆಳಗೆ ಸಹಿ ಮಾಡಿದವನು ಶುಲ್ಕ ಉಳಿಸುವ ದುರಾಸೆಯಿಂದ, ಮನೆಯೊಳಗೆ ಹೋಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, ತನ್ನ ಮನೆಯಲ್ಲಿ ಕೂತು ಈ ಪಟ್ಟಿಯನ್ನು ಸೃಷ್ಟಿಸಿದ್ದು ಅತ್ಯಂತ ಖಂಡನೀಯ.' ಅದನ್ನು ಬರೆದು ತಲೆಯೆತ್ತಿ, ಚೆನ್ನಾಗಿ ಬಂದಿದೆ ಅಲ್ಲವಾ ಎಂಬಂತೆ ನಮ್ಮನ್ನೆಲ್ಲ ನೋಡಿದ. ಚೆನ್ನಾಗಿಯೇ ಬಂದಿತ್ತು. ನನ್ನ ಒಂಬತ್ತು ಲಕ್ಷವನ್ನು ಮೊದಲು ತೆಗೆದಿಡತಕ್ಕದ್ದು ಎಂದೂ ಬರೆದ, ಅಕ್ಷರದಲ್ಲೂ ಅಂಕಿಯಲ್ಲೂ.

ಹತ್ತು ಮುಗಿದ ಮೇಲೆ ಪೆನ್ನು ಮುಚ್ಚಿದ.

"ಹನ್ನೊಂದು," ಅಂದಳು ಮೌಲ್ಯಮಾಪಕಿ.

"ಅದು ಮನೆಯ ದೋಷ ಅಲ್ವಲ್ಲ ಮೇಡಂ."

"ಬೆಲೆಗೆ ಅದೇ ಮುಖ್ಯ ಸಾರ್. ಮನೇಲಿ ಇರೋರು ಖಾಲಿ ಮಾಡಲ್ಲ ಅಂದ್ರೆ ಬೆಲೆ ಅರ್ಧಕ್ಕಿಳಿಯುತ್ತೆ. ಆವತ್ತು ಇವರನ್ನ ಏಳಿಸೋದು ಕಷ್ಟ ಇತ್ತಾ?"

ಅಣ್ಣ ಪತ್ರದ ಆ ಸಾಲನ್ನು ನೋಡಿದ. ಅವನು ಅದನ್ನು ನಿಜವಾಗಿ ಓದಿದ್ದು ಅವತ್ತೇ ಇರಬೇಕು. ಬರೆದವರು ಯಾವಾಗ ಓದುತ್ತಾರೆ. ಅವನ ಕಿವಿಯ ತುದಿ ಕೆಂಪಾದದ್ದನ್ನು ಕಂಡೆ. ಚಿಕ್ಕಂದಿನಲ್ಲಿ ಅಪ್ಪ ಬೈದಾಗ ಹಾಗಾಗುತ್ತಿತ್ತು.

"ಇದರ ಪ್ರತಿ ನಿಂಗೆ ಬಂದಿತ್ತಾ?" ಅಂತ ಕೇಳಿದ.

"ನೀನೇ ಕಳ್ಸಿದ್ದೆ. ಮಾಹಿತಿಗಾಗಿ."

"ಯಾಕೆ ಒಂದು ಮಾತೂ ಹೇಳ್ಲಿಲ್ಲ?"

"ಹತ್ತನ್ನೂ ಸರಿ ಮಾಡ್ಸಿದೆ. ಇದಕ್ಕೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಎರಡು ರೂಮು ನೋಡ್ದೆ."

"ಮಂಡಿ ನೋವು ಅಂದಿದ್ದೆ."

"ಮಂಡಿ ಚೆನ್ನಾಗಿದೆ."

ಅತ್ತಿಗೆ ಎದ್ದು, ಯಾರೂ ಕೇಳದಿದ್ದರೂ, ಚಹಾಕ್ಕೆ ನೀರಿಡಲು ಹೋದರು. ಅಣ್ಣ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ನಾನೂರೊಂದು ಪತ್ರ ಬರೆದ ಮನುಷ್ಯ ಒಂದು ಸಾಲಿಗೆ ಕಾಲು ಗಂಟೆ ತೆಗೆದುಕೊಂಡ. ಆಮೇಲೆ ಹಾಳೆಯನ್ನು ನನಗೆ ಕೊಡದೆ ಮೌಲ್ಯಮಾಪಕಿಗೆ ಕೊಟ್ಟ. ಅವಳು ಓದಿ ನನಗೆ ದಾಟಿಸಿದಳು.

'ಹನ್ನೊಂದು. ಸದರಿ ಮಗಳು ಯಾವ ದಿನವೂ ಈ ಮನೆಯ ದೋಷವಾಗಿರಲಿಲ್ಲ. ಮೃತರ ಕೊನೆಯ ಏಳು ವರ್ಷ ಈ ಮನೆಯೂ ಮೃತರೂ ನೆಟ್ಟಗಿದ್ದದ್ದು ಆಕೆಯಿಂದ. ಇದರಿಂದ ಮನೆಯ ಬೆಲೆಗೆ ಎಷ್ಟು ಸೇರಿಸಬೇಕೆಂ‌ದು ಮೌಲ್ಯಮಾಪಕರೇ ನಿರ್ಧರಿಸಬೇಕಾಗಿ ವಿನಂತಿ.'

"ಇದಕ್ಕೆ ನನ್ನ ಫಾರ್ಮಲ್ಲಿ ಕಾಲಂ ಇಲ್ಲ ಸಾರ್," ಅಂದಳು ಅವಳು. ಆದರೆ ಹಾಳೆಯನ್ನು ವಾಪಸ್ ಕೇಳಲಿಲ್ಲ, ನಾನು ಮೂರು ಸಲ ಓದುವವರೆಗೂ ಕಾದಳು. ನನಗೆ ಅಳು ಬಂತು. ಅವನು ಕ್ಷಮಿಸು ಅಂತ ಬಾಯಿಬಿಟ್ಟು ಹೇಳಿದ್ದರೆ ಜಗಳ ಆಡುತ್ತಿದ್ದೆ; ಬರವಣಿಗೆಯಲ್ಲಿ ಕೊಟ್ಟುಬಿಟ್ಟ, ಏನು ಮಾಡಲಿ? ಮೂಗು ಒರೆಸಿಕೊಂಡು ಸಹಿ ಹಾಕಿದೆ. ಮೌಲ್ಯಮಾಪಕಿ ಅರವತ್ತೈದು ಅಂತ ಬರೆದುಕೊಂಡು, ಕೆಂಪು ಬೆಳಕಿನ ಯಂತ್ರ ಚೀಲಕ್ಕೆ ಹಾಕಿಕೊಂಡು ಹೋದಳು.

ಚಹಾ ಕುಡಿಯುತ್ತ ಅಣ್ಣ ಬಹಳ ಹೊತ್ತು ಹೊಸ ಕಿಟಕಿಯನ್ನು ನೋಡಿದ.

"ಹಾಗಾದ್ರೆ ಈಗ ನೀನು ಹೋಗ್ಬೇಕಾಗಿಲ್ವಲ್ಲ," ಅಂದ. "ಆಸ್ಪತ್ರೆಯವರಿಗೆ ಬೇಡ ಅಂದ್ಬಿಡೋಣ. ಇಲ್ಲೇ ಇರು. ನನಗೇನೂ ದುಡ್ಡಿನ ಅವಸರ ಇಲ್ಲ."

ಅದು ಅವನ ಸುಳ್ಳು ಅಂತ ನನಗೆ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಆದರೂ ಅವನು ಹೇಳಿದ್ದು ಹಿತವಾಯಿತು.

"ಹೋಗ್ತೀನಿ ಅಣ್ಣ. ಆ ಮನೆ ನನಗೆ ಬೇಕು."

"ಎರಡೇ ರೂಮು. ಇದಕ್ಕಿಂತ ಅದರಲ್ಲೇನಿದೆ?"

"ಅದ್ರಲ್ಲಿ ನಿಂಗೆ ಪಾಲಿಲ್ಲ."

ಅವನು ತಲೆಯಾಡಿಸಿದ. ಕಪ್ಪು ಕೆಳಗಿಟ್ಟು, ಕೇಳಬೇಕೋ ಬೇಡವೋ ಅಂತ ಅಳೆದು ಸುರಿದು ಕೇಳಿದ: "ಬಂದು ನೋಡ್ಬಹುದಾ?"

"ಬಾ," ಅಂದೆ. "ಪೆನ್ನು ಮನೇಲಿಟ್ಟು ಬಾ."